ಗೆರೆಯಕ್ಕ ತುಂಬಿಕೊಟ್ಟ ನೀರು

ನಮ್ಮ ಲ್ಯಾಬಿನಲ್ಲಿ ಆಕೆಯನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಗೆರೆಯಕ್ಕ ಅಂತಲೇ. ಪರದೆಯ ಮೇಲೆ ಏರುವ ಗೆರೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಹತ್ತೊಂಬತ್ತು ವರ್ಷದಿಂದ ಆಕೆಯ ಕೆಲಸ. ಕುಡಿದ ಹೆಂಡವನ್ನು ಒಡೆಯಲು ಮನುಷ್ಯನ ಲಿವರಿನಲ್ಲಿ ಒಂದು ಕಿಣ್ವ ಇದೆಯಲ್ಲ, ಅದನ್ನು ಇಲ್ಲಿ ಬ್ಯಾಕ್ಟೀರಿಯಾಗಳ ಕೈಲಿ ಮಾಡಿಸಿ ಸಂಶೋಧಕರಿಗೆ ಮಾರುತ್ತಾರೆ. ಮಾಡಿದ್ದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಗೆರೆಯಕ್ಕ ಅದಕ್ಕೆ ಒಂದು ಹನಿ ಆಲ್ಕೋಹಾಲ್ ಹಾಕುತ್ತಾಳೆ. ಗೆರೆ ಏರಿದರೆ ಸರಿ, ಮಲಗಿದರೆ ಎಲ್ಲವೂ ಕಸಕ್ಕೆ. ನಾನು ಅಲ್ಲಿ ಗಾಜಿನ ಸಾಮಾನು ತೊಳೆಯುವವಳು.

"ಕುಡಿಸೋ ಕೆಲಸ ನಿಮ್ದು, ತೊಳೆಯೋ ಕೆಲಸ ನಂದು," ಎಂದು ರೇಗಿಸಿದರೆ ಆಕೆ ನಗುತ್ತಿರಲಿಲ್ಲ. ಮನೆಯಲ್ಲಿ ಕುಡುಕ ತಮ್ಮನಿದ್ದಾನೆಂದು ನನಗೆ ತಡವಾಗಿ ತಿಳಿಯಿತು.

ತಮ್ಮ ಗೋಡೆಗೆ ಬಣ್ಣ ಹೊಡೆಯುವವನು. ಬೆಳಿಗ್ಗೆ ಎದ್ದು ಒಂದು ಲೋಟ ಒಳಗೆ ಹೋಗದಿದ್ದರೆ ಬ್ರಷ್ ಹಿಡಿದ ಕೈ ನಡುಗುತ್ತಿತ್ತು. ಅವನ ಕಣ್ಣು ಹಳದಿಯಾದಾಗ ತಾಯಿ ಮಗಳ ಬೆನ್ನು ಬಿದ್ದರು.

"ಹೆಂಡ ಕರಗಿಸೋ ಮದ್ದು ನಿಮ್ಮಲ್ಲೇ ಮಾಡ್ತೀರಂತೆ. ಒಂದು ಸೀಸೆ ತಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಅದು ಮದ್ದಲ್ಲಮ್ಮ. ನುಂಗಿದ್ರೆ ಮೊಟ್ಟೆ ಥರ ಹೊಟ್ಟೇಲೇ ಅರಗಿಹೋಗುತ್ತೆ."

"ಮನುಷ್ಯರದ್ದು ಅಂತ ನೀನೇ ಹೇಳಿದ್ಯಲ್ಲೇ. ಯಾರದ್ದೋ ತೆಗೆದಿದ್ದೀರಿ. ಬೇಕಾದ್ರೆ ನಂದು ತಗೊಂಡು ಅವನಿಗೆ ಕೊಡಿ."

ದಿನವೂ ಇದೇ. ಕೊನೆಗೆ 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದೂ ಅನ್ನಿಸಿಕೊಂಡು ಬಂದ ಗೆರೆಯಕ್ಕ ನನ್ನ ಹತ್ತಿರ ಒಂದು ಖಾಲಿ ಟ್ಯೂಬ್ ಕೇಳಿದಳು. ಕಾಯಿಸಿ ಆರಿಸಿದ ನೀರು ತುಂಬಿದಳು. ಬೆಳಿಗ್ಗೆ ಐದು ಹನಿ. ಆದರೆ ಒಂದು ಗುಟುಕು ಹೆಂಡ ಕುಡಿದರೂ ಮದ್ದು ಹಿಡಿಯುವುದಿಲ್ಲ ಎಂದು ಹೇಳುವುದು. ಹಾಗಾದರೂ ಕುಡಿತ ಬಿಟ್ಟಾನು ಎಂಬ ಲೆಕ್ಕ.

"ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ," ಎಂದು ನಾನೂ ಮೆಚ್ಚಿಕೊಂಡೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಅಕ್ಕ ಕೊಟ್ಟದ್ದೆಂದು ತಮ್ಮ ನಂಬಿದ. ಮೊದಲ ದಿನ ಹೆಂಡ ಮುಟ್ಟಲಿಲ್ಲ. ಎರಡನೆಯ ದಿನ ಮೈಯೆಲ್ಲ ಬೆವೆತು ಗಡಗಡ ನಡುಗಿದ. ಮದ್ದು ಕೆಲಸ ಮಾಡುತ್ತಿದೆ ಎಂದು ತಾಯಿ ಹಿಗ್ಗಿದರು. ಮೂರನೆಯ ಬೆಳಿಗ್ಗೆ ಫಿಟ್ಸ್ ಬಂತು. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು.

ಡಾಕ್ಟರು ಗೆರೆಯಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದರು. "ಒಮ್ಮೆಗೇ ನಿಲ್ಲಿಸಿಬಿಟ್ರಾ? ಇಷ್ಟು ವರ್ಷ ಕುಡಿದವರು ಹಾಗೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಇಲ್ಲಿಗೆ ಕರ್ಕೊಂಡು ಬಂದು ನಿಲ್ಲಿಸಬೇಕಿತ್ತು." ಕಿಣ್ವದ ವಿಷಯ ಅರೆದು ಕುಡಿದವಳಿಗೆ ಇಷ್ಟು ಗೊತ್ತಿರಲಿಲ್ಲ.

ತಾಯಿಗೆ ಆಕೆ ಇದನ್ನು ಹೇಳಲಿಲ್ಲ. "ಮದ್ದು ಹಿಡಿದಿತ್ತು ಕಣೇ. ಮೊದಲೇ ತಂದಿದ್ರೆ ನನ್ನ ಮಗ ಉಳೀತಿದ್ದ," ಎಂದು ಅವರು ಅತ್ತಾಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದಳು.

ತಿಂಗಳಾದ ಮೇಲೆ ಒಂದು ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಊಟದ ನಡುವೆ ತಾಯಿ ಹೇಳಿದರು. "ಉಳಿದಿದ್ದ ಮದ್ದನ್ನ ಕೆಳಗಿನ ಮನೆ ದರ್ಜಿಯ ಹೆಂಡ್ತಿಗೆ ಕೊಟ್ಟೆ. ಆ ಮಕ್ಕಳಿಗಾದ್ರೂ ಅಪ್ಪ ಉಳೀಲಿ. ನಿನ್ನೆಯಿಂದ ಅವನು ಮುಟ್ಟಿಲ್ವಂತೆ."

ಗೆರೆಯಕ್ಕ ಎಂಜಲು ಕೈಯಲ್ಲೇ ಓಡಿದಳು. ನಾವಿಬ್ಬರೂ ಹಿಂದೆಯೇ ಇಳಿದೆವು. ದರ್ಜಿ ಮಿಷನ್ ಮುಂದೆ ಕೂತು, ನಡುಗುವ ಕೈಯಿಂದ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದ. ತಾಯಿ ಮೆಟ್ಟಿಲ ಮೇಲೆ ನಿಂತಿರುವುದನ್ನು ಗೆರೆಯಕ್ಕ ಒಮ್ಮೆ ನೋಡಿದಳು. ನೋಡಿಯೂ ದರ್ಜಿಯ ಹೆಂಡತಿಗೆ ಹೇಳಿದಳು.

"ಅದು ಬರೀ ನೀರು. ಇವರನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹೀಗೆ ಒಮ್ಮೆಗೇ ಬಿಡಿಸಿ ನನ್ನ ತಮ್ಮನ್ನ ನಾನೇ ಕಳ್ಕೊಂಡೆ."

"ನೀರಾ?" ಎಂದರು ತಾಯಿ.

ದರ್ಜಿ ಬದುಕಿದ. ಟ್ಯೂಬ್ ಕೊಟ್ಟವಳು ನಾನೆಂದು ಗೆರೆಯಕ್ಕ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹೇಳಿಕೊಳ್ಳುವ ಧೈರ್ಯ ನನಗೂ ಬಂದಿಲ್ಲ. ಆಕೆ ಈಗಲೂ ದಿನವೂ ಗೆರೆ ನೋಡುತ್ತಾಳೆ. ಸಂಜೆ ಹೋಗಿ ಅಡುಗೆ ಮಾಡಿ ಬಡಿಸುತ್ತಾಳೆ. ತಾಯಿ ಉಣ್ಣುತ್ತಾರೆ. ಮಗಳು ತುಂಬಿಸಿಟ್ಟ ಲೋಟವನ್ನು ಮಾತ್ರ ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು, ನಲ್ಲಿಯಿಂದ ತಾವೇ ನೀರು ಹಿಡಿದುಕೊಂಡು ಕುಡಿಯುತ್ತಾರೆ.