ಬಸವಲಿಂಗನ ಹಣೆಗೆ ಕೈ ಇಟ್ಟ ರಬ್ಬಿ

ನನ್ನ ಗಂಡ ಬಸವಲಿಂಗ ಕಟಕೋಳದವರು. ರಾಮದುರ್ಗದ ಒಂದು ದವಾಖಾನೆಯಲ್ಲಿ ರೋಗಿಗಳನ್ನು ಎತ್ತುವುದು, ತೊಳೆಯುವುದು ಅವರ ಕೆಲಸ. ಎಂಥ ಹೊಲಸಿಗೂ ಮುಖ ಕಿವುಚಿದವರಲ್ಲ. ಅದೇ ಕೆಲಸಕ್ಕೆ ಇಸ್ರೇಲಿಗೆ ಹೋಗಿ ಒಬ್ಬ ಯಹೂದಿ ಅಜ್ಜನನ್ನು ನೋಡಿಕೊಂಡರು. ಹೋದ ವರ್ಷ ಅಲ್ಲೇ ಎದೆನೋವು ಬಂದು ಸತ್ತರು. ಹೆಣ ಬಂತು, ಮಣ್ಣು ಕೊಟ್ಟೆವು. ಆದರೆ ಜೀವ ಹೋಗುವಾಗ ತಲೆಗೆ ಕೈ ಇಟ್ಟವರು ಯಾರು, ವಿಭೂತಿ ಹಚ್ಚಿದವರು ಯಾರು? ಹೇಳುವವರೇ ಇರಲಿಲ್ಲ. ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅಜ್ಜನ ಮನೆಯಲ್ಲಿ ಒಬ್ಬರು ರಬ್ಬಿ ಇದ್ದಾರೆ, ಅಂದರೆ ಅವರ ಪೈಕಿ ಸ್ವಾಮಿಗಳಿದ್ದಂತೆ ಎಂದು ನಮ್ಮವರು ಫೋನಿನಲ್ಲಿ ಹೇಳುತ್ತಿದ್ದರು. ಮೊನ್ನೆ ಆ ರಬ್ಬಿಯೇ ನಮ್ಮ ಮನೆಗೆ ಬರುತ್ತಾರೆಂದು ಸುದ್ದಿ ಬಂತು. ಓಣಿಗೆ ಓಣಿಯೇ ಕುಣಿದಾಡಿತು. ಸಾರಿಸಿದೆವು, ರಂಗೋಲಿ ಹಾಕಿದೆವು, ಪಾದಪೂಜೆಗೆ ಹಿತ್ತಾಳೆಯ ಅಗಲ ಪರಾತ ತಿಕ್ಕಿದೆವು.

ಕಾರಿನಿಂದ ಉದ್ದ ಗಡ್ಡದ ಗಂಡಸು ಇಳಿದರು, ಹಿಂದೆ ಅವರ ಹೆಂಡತಿ. ಗಡ್ಡದವರನ್ನು ಕುರ್ಚಿಗೆ ಕೂರಿಸಿ ನಾನೇ ಪಾದ ತೊಳೆದೆ. ಅವರು ಬೇಡ ಬೇಡವೆಂದು ಕಾಲು ಎಳೆದುಕೊಂಡರೂ ಬಿಡಲಿಲ್ಲ. ಪಕ್ಕದ ಮನೆಯ ಬಾಯವ್ವ ಆ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಒಯ್ದಳು. ಇಂಗ್ಲಿಷ್ ಬಲ್ಲ ನನ್ನ ಭಾವನ ಮಗಳು ನೀಲಾ ಓಡಿಬಂದು ಕೈ ಹಿಡಿದಳು.

"ಕುಡೀಬ್ಯಾಡ ಆಯಿ. ಇವರು ಬಸ್ ಓಡಸ್ತಾರಂತ. ರಬ್ಬಿ ಅವರಲ್ಲ, ಅವರ ಹೆಂಡತಿ, ಈ ಬಾಯಾರು. ಅಜ್ಜನ ಮಗಳು."

"ನನ್ನ ಹಣೇಬಾರಾ, ಡ್ರೈವರನ ಪಾದೋದಕ ಕುಡೀತಿದ್ನಲ್ಲ" ಎಂದಳು ಬಾಯವ್ವ. ಸತ್ತವರ ಮನೆಯಲ್ಲಿ ವರ್ಷದ ಮೇಲೆ ನಗು ಕೇಳಿತು.

ಆ ರಬ್ಬಿ ತಾಯಿ ನೆಲಕ್ಕೇ ಕುಳಿತರು. ರಬ್ಬಿ ಅಂದರೆ ಕಲಿಸುವವರಂತೆ. ವರ್ಷಗಟ್ಟಲೆ ಶಾಸ್ತ್ರ ಓದಿದ ಮೇಲೆ ಗುರುಗಳು ಆ ಹೆಸರು ಕೊಡುತ್ತಾರಂತೆ. ಹೆಂಗಸರನ್ನು ಕೆಲವರು ಒಪ್ಪುತ್ತಾರೆ, ಕೆಲವರು ಈಗಲೂ ಒಪ್ಪುವುದಿಲ್ಲವಂತೆ. ರಬ್ಬಿ ಇಲ್ಲದೆಯೂ ಪ್ರಾರ್ಥನೆ ನಡೆಯುತ್ತದಂತೆ. ಪಾಪ ಕಳೆಯುವ, ಮುಕ್ತಿ ಕೊಡುವ ಶಕ್ತಿ ತಮಗಿಲ್ಲ ಎಂದರು.

"ಹಂಗಾರ ನಮ್ಮವರ ತಲಿಗೆ ಕೈ ಇಟ್ಟವರು ಯಾರ್ರಿ?" ಎಂದು ನೇರವಾಗಿ ಕೇಳಿಬಿಟ್ಟೆ.

ನೀಲಾ ಅವರನ್ನು ಇಂಗ್ಲಿಷಿನಲ್ಲಿ ಕೇಳಿ, ನನಗೆ ತಿರುಗಿ ಹೇಳಿದಳು. "ಇವರೇ ಇಟ್ಟಾರ ಚಿಗವ್ವ. ರಬ್ಬಿ ಅಂತ ಅಲ್ಲಂತ, ಮನಿ ಮಂದಿ ಅಂತ."

ನಮ್ಮವರ ದಿಂಬಿನ ಕೆಳಗೆ ವಿಭೂತಿ ಇತ್ತಂತೆ. ಎಲ್ಲಿ ಹಚ್ಚಬೇಕೆಂದು ಇವರಿಗೆ ತಿಳಿಯಲಿಲ್ಲ. ನಮ್ಮವರು ದಿನಾ ಹಚ್ಚಿಕೊಳ್ಳುವುದನ್ನು ನೋಡಿದ್ದ ಅಜ್ಜ ಮಲಗಿದಲ್ಲಿಂದಲೇ ತನ್ನ ಹಣೆ ಮುಟ್ಟಿ, ಮೂರು ಬೆರಳು ಎಳೆದು ತೋರಿಸಿದರಂತೆ. ಇವರು ಹಾಗೆಯೇ ಹಚ್ಚಿದರಂತೆ.

ಯಾವ ಕೈ ಎಂದು ಕೇಳಿದೆ. ಬಲಗೈ ಚಾಚಿದರು. ಗಟ್ಟಿಯಾಗಿ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಓಣಿಯ ತುದಿಯ ಮುದಕಪ್ಪನ ಅಂಗಡಿಯವರೆಗೂ ಮನೆ ಮನೆಗೆ ನಿಂತು ತೋರಿಸಿದೆ, ಇದೇ ಕೈ, ಇದೇ ಕೈ ಎಂದು.