ಕಿಟಕಿ ಯಜಮಾನ

ಹೋಟೆಲಿನ ಯಜಮಾನ ಅಂದರೆ ಗಲ್ಲಾದಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತಿರಬೇಕು. ನಮ್ಮ ಬೀದಿಯವನಿಗೆ ಆ ಯೋಗವಿಲ್ಲ, ಒಲೆ ಬಿಟ್ಟು ಕದಲುವುದಿಲ್ಲ. ಪಾತ್ರೆ ತೊಳೆಯುವುದರಿಂದ ಹಿಡಿದು ಮುಖ್ಯ ಅಡುಗೆಯವನಾಗುವವರೆಗೆ ಇಪ್ಪತ್ತೆರಡು ವರ್ಷ ಕಂಡವರ ಅಡುಗೆಮನೆಗಳಲ್ಲಿ ಬೆಂದವನು. "ಸಾವಿರಾರು ಜನಕ್ಕೆ ಬೇಯಿಸಿ ಹಾಕಿದೀನಿ ಸ್ವಾಮಿ, ಒಬ್ಬರು ತಿನ್ನೋದನ್ನೂ ನೋಡಿಲ್ಲ" ಎನ್ನುತ್ತಾ, ಸ್ವಂತ ಹೋಟೆಲಿಗೆ ಬೋರ್ಡು ಬರೆಸುವ ಮೊದಲೇ ಅಡುಗೆಮನೆ ಗೋಡೆ ಒಡೆಸಿ ಗಿರಾಕಿಗಳ ಮೇಜು ಕಾಣುವಂತೆ ಕಿಟಕಿ ಇಡಿಸಿದ. ಈಗ ಗಿರಾಕಿ ಮೊದಲ ತುತ್ತಿಗೆ ಬಾಯಿ ತೆರೆದರೆ ಕಿಟಕಿಯಲ್ಲಿ ಇವನ ಬಾಯಿಯೂ ತೆರೆಯುತ್ತದೆ. ಅವರು ತಲೆದೂಗಿದರೆ ಇವನ ಸೌಟೂ ತೂಗುತ್ತದೆ. ಯಾರಾದರೂ ಉಪ್ಪಿನ ಡಬ್ಬಿಗೆ ಕೈ ಹಾಕಿದರೋ, ಅವತ್ತು ಇವನಿಗೆ ಊಟ ಸೇರುವುದಿಲ್ಲ. ಇಂಥವನು ಮೊನ್ನೆ ತಾಯಿ ಮೊದಲ ಸಲ ಬಂದು ಊಟಕ್ಕೆ ಕೂತಾಗ ಮಾತ್ರ ಕಿಟಕಿ ಮುಚ್ಚಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಯಾರೋ ಕಿಟಕಿ ಕುಟ್ಟಿದರು. ತೆಗೆದರೆ, ಖಾಲಿ ತಟ್ಟೆ ಹಿಡಿದು ತಾಯಿ ನಿಂತಿದ್ದಳು: "ಎಲ್ಲೋ ಅಡಗಿದೀಯ? ಇನ್ನೊಂದು ಸೌಟು ಹಾಕು!"