ಮೂರನೇ ಇಳಿಜಾರಿನ ಜಾಲಿಮುಳ್ಳು

ನಿನ್ನೆ ಮುಂಜಾನೆ ಮೊಮ್ಮಗಳಿಗೆ ಎರೆಯಲು ನೀರು ಕಾಯಿಸುತ್ತಿದ್ದೆ. ಹದಿನಾರು ದಿನದ ಕೂಸು. ರಾಯಚೂರಿನ ಆಸ್ಪತ್ರೆಯಿಂದ ದೇವದುರ್ಗದ ನಮ್ಮ ಮನೆಗೆ ಅದನ್ನು ತಂದ ದಿನದಿಂದ ನನ್ನ ಕಾಲು ನೆಲಕ್ಕೆ ಹತ್ತುತ್ತಿಲ್ಲ. ಓಣಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತೇನೆ, ಹೇಳಿದವರಿಗೇ ಮತ್ತೆ ಹೇಳುತ್ತೇನೆ. ಮೂಗು ನೋಡ್ರಿ, ಕಿವಿ ನೋಡ್ರಿ, ಮುಷ್ಟಿ ಎಷ್ಟು ಗಟ್ಟಿ ಹಿಡಿತಾಳ ನೋಡ್ರಿ ಎಂದು. ಹಿತ್ತಲ ಒಲೆಗೆ ಒಣ ಜಾಲಿಮುಳ್ಳಿನ ಕೊಂಬೆ ತುರುಕಿದೆ. ಚಟಚಟ ಹತ್ತಿಕೊಂಡು ಅದರ ಕಹಿ ಹೊಗೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಆ ಹೊಗೆಯೊಡನೆ ಎದ್ದು ಬಂತು...

ನಾನು ಮದುವೆಯಾಗಿ ಹೋದ ಊರು ಗೂಗಲ್ ಎಂಬ ಹಳ್ಳಿಯ ಹತ್ತಿರ, ಕೃಷ್ಣಾ ಹೊಳೆಯ ದಂಡೆಗೇ ಇತ್ತು. ಊರಿನಿಂದ ಅಲ್ಲಮಪ್ರಭುವಿನ ಗುಡಿಯ ಕಡೆಗೆ ದಂಡೆಯ ಗುಂಟ ಒಂದು ಕಾಲುದಾರಿ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಬಂಡೆ, ಜಾಲಿ ಪೊದೆ. ನೀರಿಗೆ ಹೋಗುವವರು, ಆಡು ಕಾಯುವವರು, ಮೀನು ಹಿಡಿಯುವವರು, ಗುಡಿಗೆ ನಡೆಯುವವರು, ಎಲ್ಲರಿಗೂ ಅದೊಂದೇ ದಾರಿ. ಅದನ್ನು ನೋಡಿಕೊಳ್ಳುತ್ತಿದ್ದವನು ಹರಿಗೋಲಿನ ಅಜ್ಜ. ಸೇತುವೆಯಾದ ಮೇಲೆ ಅವನ ಹರಿಗೋಲು ಹತ್ತುವವರು ಇಲ್ಲದಂತಾದರು. ಹುಟ್ಟು ಹಾಕಿದ ಕೈ ಸುಮ್ಮನೆ ಕೂರಲಿಲ್ಲ. ಮಳೆಗೆ ಉರುಳಿದ ಕಲ್ಲನ್ನು ಎತ್ತಿ ಅಂಚಿಗೆ ಇಡುತ್ತಿದ್ದ, ಚಾಚಿದ ಮುಳ್ಳನ್ನು ಸವರುತ್ತಿದ್ದ, ಆಡುಗಳು ಕೆಡವಿದ ಮೆಟ್ಟಿಲನ್ನು ಮತ್ತೆ ಕಡಿಯುತ್ತಿದ್ದ. ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವನ ಕಟ್ಟಳೆಗಳು ಎಲ್ಲರಿಗೂ ಬಾಯಿಪಾಠ. ತುಂಬಿದ ಕೊಡ ಹೊತ್ತವರು ಎದುರಾದರೆ ಬರಿಗೈಯವರು ಪೊದೆಯ ಕಡೆ ಸರಿಯಬೇಕು. ಬಂಡೆಯ ತಿರುವಿಗೆ ಬಂದ ಗಂಡಸು ‘ಹೋ’ ಎಂದು ಕೂಗಿ ನಿಲ್ಲಬೇಕು, ಆಚೆ ಹೆಂಗಸರು ಮೈ ತೊಳೆಯುತ್ತಿರಬಹುದು. ಒಮ್ಮೆ ಸಿರವಾರದ ನೆಲ್ಲಿನ ವ್ಯಾಪಾರಿಯೊಬ್ಬ ಗುಡಿಗೆ ಬೇಗ ಮುಟ್ಟಬೇಕೆಂದು ಸ್ಕೂಟರನ್ನು ಅದೇ ದಾರಿಗೆ ಇಳಿಸಿದ. ಅಜ್ಜ ನಡುದಾರಿಯಲ್ಲಿ ಹುಟ್ಟು ಊರಿ ನಿಂತ.

“ಏನ್ರೀ ಸಾವ್ಕಾರ್ರ, ಈ ದಾರಿ ನಿಮ್ಮ ಮಾವ ವರದಕ್ಷಿಣಿಯಾಗ ಕೊಟ್ಟಾನೇನ್ರಿ?”

ನಾವು ಕೊಡ ಇಳಿಸಿ ನಕ್ಕಿದ್ದೇ ನಕ್ಕಿದ್ದು. ಆತ ಇಳಿದು, ಗುಡಿಯ ತನಕ ಸ್ಕೂಟರು ನೂಕಿಕೊಂಡೇ ಹೋದ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮುಳ್ಳಿನದು. ದಾರಿಯಿಂದ ನೀರಿಗೆ ಇಳಿಯಲು ನಾಲ್ಕು ಇಳಿಜಾರುಗಳಿದ್ದವು. ಹೊಳೆಯಲ್ಲಿ ಮೊಸಳೆಗಳು ಇದ್ದವು. ಯಾವ ಇಳಿಜಾರಿನ ಹತ್ತಿರ ಮೊಸಳೆ ಬಿಸಿಲು ಕಾಯಲು ಬರುತ್ತದೋ ಆ ಇಳಿಜಾರಿನ ಬಾಯಿಗೆ ಅಜ್ಜ ಜಾಲಿಮುಳ್ಳಿನ ಒಂದು ದೊಡ್ಡ ಕೊಂಬೆ ಅಡ್ಡ ಹಾಕಿ, ಹಳೆಯ ಬಲೆಯ ನೀಲಿ ಹುರಿಯೊಂದನ್ನು ಅದಕ್ಕೆ ಕಟ್ಟುತ್ತಿದ್ದ. ಸಣ್ಣ ಮಕ್ಕಳೂ ಅದನ್ನು ನೋಡಿ ಮುಂದಿನ ಇಳಿಜಾರಿಗೆ ಹೋಗುತ್ತಿದ್ದವು. ಯಾರಾದರೂ ಕೇಳಿದರೆ, “ಇಟ್ಟಾಂವ ನಾನು, ತಗಿಯಾಂವನೂ ನಾನ. ನೀವು ಮುಟ್ಟಬ್ಯಾಡ್ರಿ” ಎನ್ನುತ್ತಿದ್ದ.

ನಾನು ಮುಟ್ಟಿದೆ.

ಮೂರು ದಿನ ಮಳೆ ಹಿಡಿದಿತ್ತು. ಉರುವಲೆಲ್ಲ ತೊಯ್ದು ಒಲೆ ಹತ್ತುತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ಕೂತು, “ನಿನ್ನ ತವರಿನ್ಯಾಗ ಹೊಗಿನ ಉಣ್ತಾರೇನು?” ಎಂದು ಚುಚ್ಚುತ್ತಿದ್ದಳು. ನಾಲ್ಕನೆಯ ದಿನ ಬಿಸಿಲು ಬಿತ್ತು. ಸಂಜೆ ಬಟ್ಟೆ ಒಗೆದುಕೊಂಡು ಬರುವಾಗ ಮೂರನೇ ಇಳಿಜಾರಿನ ಬಾಯಿಗೆ ಆ ಕೊಂಬೆ ಬಿದ್ದಿತ್ತು. ದಿನವಿಡೀ ಕಾದ ಬಂಡೆಯ ಮೇಲೆ ಗರಿಗರಿ ಒಣಗಿತ್ತು. ಹಾಕಿ ಎಂಟು ದಿನವಾಗಿದೆ, ಮೊಸಳೆ ಎಂದೋ ಹೋಗಿರುತ್ತದೆ, ನಾಳೆ ಬೇರೆ ಮುಳ್ಳು ತಂದು ಹಾಕಿದರಾಯಿತು ಎಂದುಕೊಂಡೆ. ಎಳೆದುಕೊಂಡು ಮನೆಗೆ ಬಂದೆ. ಅವತ್ತು ರೊಟ್ಟಿ ಚೆನ್ನಾಗಿ ಉಬ್ಬಿದವು. ಅದೂ ನೆನಪಿದೆ ನನಗೆ.

ಮರುದಿನ ನಾನು ಮುಳ್ಳು ತರಲಿಲ್ಲ. ಕಸ, ಮುಸುರೆ, ಸಗಣಿ ಎಂದು ಹೊತ್ತು ಏರಿತು. ನನ್ನ ಮಗಳಿಗೆ ಆಗ ಏಳು ವರ್ಷ. ಓರಗೆಯವರ ಜೊತೆ ಸಣ್ಣ ಕೊಡ ಹಿಡಿದು ಹೊಳೆಗೆ ಹೋದಳು. ಮೂರನೇ ಇಳಿಜಾರಿಗೆ ಮುಳ್ಳು ಇರಲಿಲ್ಲ... ಇಳಿದಳು.

ಕೂಗು ಕೇಳಿ ನಾನು ಓಡಿದೆ. ದಾರಿ ಮುಗಿಯಲೇ ಇಲ್ಲ. ನಾನು ಮುಟ್ಟುವಷ್ಟರಲ್ಲಿ ಅಜ್ಜ ಸೊಂಟದ ತನಕ ನೀರಿನಲ್ಲಿ ನಿಂತು ಹುಟ್ಟಿನಿಂದ ಮೊಸಳೆಯ ತಲೆಗೆ ಹೊಡೆಯುತ್ತಿದ್ದ. ಇನ್ನೊಂದು ಕೈಯಲ್ಲಿ ನನ್ನ ಮಗಳ ಜಡೆ. ಮೊಸಳೆ ಬಾಯಿ ಬಿಟ್ಟಿತು. ಅವಳನ್ನು ಹೆಗಲಿಗೆ ಹಾಕಿಕೊಂಡು ಅಜ್ಜ ಮೇಲೆ ಬಂದ. ಅವಳ ಮೀನಖಂಡ ಹರಿದು ನೇತಾಡುತ್ತಿತ್ತು. ದೇವದುರ್ಗದಲ್ಲಿ ಪಟ್ಟಿ ಸುತ್ತಿ, ಇಲ್ಲಿ ಆಗುವುದಿಲ್ಲ ಎಂದು ರಾಯಚೂರಿಗೆ ಕಳಿಸಿದರು. ಟೆಂಪೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ಸೀರೆಯೆಲ್ಲ ರಕ್ತ. ಕಾಣುವ ಗುಡಿಗೆಲ್ಲ ಕೈ ಮುಗಿದೆ. ಇವಳನ್ನು ಉಳಿಸು, ಊರ ಮುಂದೆ ನಿಂತು ನಾನೇ ತೆಗೆದೆ ಎನ್ನುತ್ತೇನೆ ಎಂದು ಬೇಡಿಕೊಂಡೆ.

ಮಗಳು ಉಳಿದಳು. ನಾನು ಹೇಳಲಿಲ್ಲ.

ತಿಂಗಳ ಮೇಲೆ ಊರಿಗೆ ಮರಳಿದಾಗ ಕಟ್ಟೆಯ ಮೇಲೆ ಅದೇ ಮಾತು ನಡೆದಿತ್ತು. ಅಜ್ಜನನ್ನು ನಡುವೆ ನಿಲ್ಲಿಸಿಕೊಂಡಿದ್ದರು.

“ಮುಳ್ಳು ಇಟ್ಟಿದ್ದೆ ಅಂತೀದಿ. ಎಲ್ಲಿ ಹೋತು? ಮೊಸಳಿ ಮುಳ್ಳು ತಿಂತೇನು ಯಪ್ಪಾ?”

“ಮೊಸಳಿ ಅಲ್ಲಲೇ, ಹೆಂಡ ತಿಂದಿರಬೇಕು.”

ಎಲ್ಲರೂ ನಕ್ಕರು. ಹೆಂಡ ಮುಟ್ಟುವವನೇ ಅಲ್ಲ ಅವನು. “ಇಟ್ಟಿದ್ದೆ ಯಪ್ಪಾ... ನನ್ನ ಕೈಯಾರೆ ಇಟ್ಟಿದ್ದೆ” ಎಂದಷ್ಟೇ ಹೇಳುತ್ತಿದ್ದ. ನನ್ನ ಗಂಡ ಎದ್ದು, “ಇನ್ನ ಮ್ಯಾಲ ದಾರಿ ತಂಟೆಕ ಬರಬ್ಯಾಡ ನೀನು” ಎಂದು ಅವನ ಎದೆಗೆ ಕೈ ಹಚ್ಚಿ ನೂಕಿದ. ನಾನು ಗೋಡೆಯ ಮರೆಯಲ್ಲಿ ನಿಂತಿದ್ದೆ. ಹೇಳಿದರೆ ಗಂಡ ಬಿಡುತ್ತಾನೆ, ಅತ್ತೆ ಹೊರಗೆ ಹಾಕುತ್ತಾಳೆ, ಮಗಳು ನನ್ನ ಕೈ ತಪ್ಪುತ್ತಾಳೆ ಎಂಬ ಹೆದರಿಕೆ. ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ಎರಡು ದಿನ ಬಿಟ್ಟು ಅಜ್ಜ ಮಗಳನ್ನು ನೋಡಲು ಬಂದ. ಗಂಡ ಹೊಲಕ್ಕೆ ಹೋಗಿದ್ದ. ಪೇಪರಿನಲ್ಲಿ ಒಂದಿಷ್ಟು ಬೆಂಡು ಬತ್ತಾಸು ಕಟ್ಟಿಕೊಂಡು ತಂದಿದ್ದ. ಅಂಗಳ ದಾಟುವಾಗ ಒಲೆಯ ಪಕ್ಕಕ್ಕೆ ಅವನ ಕಣ್ಣು ಬಿತ್ತು. ಅವತ್ತಿನ ಅರ್ಧ ಸುಟ್ಟ ಕೊಂಬೆ ಪುಳ್ಳೆಗಳ ಅಡಿಯಿಂದ ಇನ್ನೂ ಚಾಚಿಕೊಂಡಿತ್ತು, ಬುಡದಲ್ಲಿ ನೀಲಿ ಹುರಿ. ಅಜ್ಜ ಬಗ್ಗಿದ. ಗಂಟನ್ನು ಸಾವಕಾಶ ಬಿಚ್ಚಿ, ಹುರಿಯನ್ನು ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡ. ನನ್ನ ಮುಖ ನೋಡಲಿಲ್ಲ.

“ಕೂಸಿಗೆ ಬಿಸೇದು ಗಂಜಿ ಕುಡಿಸು ಯವ್ವಾ. ಕಾಲಿಗೆ ಶಕ್ತಿ ಬರ್ತದ” ಎಂದ. ಬತ್ತಾಸಿನ ಪೊಟ್ಟಣ ಹೊಸ್ತಿಲ ಮೇಲೆ ಇಟ್ಟು ಹೋದ.

ಯಾರಿಗೂ ಹೇಳಲಿಲ್ಲ ಅವನು. ಆ ಮೇಲೆ ದಾರಿಗೂ ಬರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮಾನ್ವಿಯಲ್ಲಿದ್ದ ತನ್ನ ಮಗಳ ಮನೆಗೆ ಹೋದನಂತೆ. ನಾವು ದೇವದುರ್ಗಕ್ಕೆ ಬಂದು ನೆಲೆಸಿದ ಮೇಲೆ ಎಷ್ಟೋ ಸಲ ಮಾನ್ವಿ ಬಸ್ಸು ಹತ್ತಬೇಕೆಂದು ಸ್ಟ್ಯಾಂಡಿನ ತನಕ ಹೋಗಿದ್ದೇನೆ. ಬಸ್ಸು ಹೋಗುವ ತನಕ ನಿಂತು ಮರಳಿ ಬಂದಿದ್ದೇನೆ. ಕೊನೆಗೆ ಸಂತೆಯಲ್ಲಿ ಮೀನು ಮಾರುವವಳೊಬ್ಬಳು, “ಹರಗೋಲಿನ ಯಪ್ಪ ತೀರಿಕೊಂಡನಲ್ಲಬೇ, ನಿನಗ ಗೊತ್ತಿಲ್ಲೇನು?” ಎಂದಳು. ಚೀಲದಲ್ಲಿದ್ದ ಬದನೆಕಾಯಿ ಅಲ್ಲೇ ಚೆಲ್ಲಿ ಕೂತುಬಿಟ್ಟೆ.

ಹೋದ ವರ್ಷ ಗುಡಿಗೆಂದು ಆ ದಾರಿ ತುಳಿದೆ. ಮೋಟರ್‌ಸೈಕಲ್ ಓಡಿಸಿ ಅಂಚು ಕುಸಿದಿದೆ. ಇಳಿಜಾರಿನ ಬಾಯಿಗೆಲ್ಲ ಬಾಟಲಿ ಚೂರು, ಪ್ಲಾಸ್ಟಿಕ್. ತಿರುವಿನಲ್ಲಿ ಯಾರೂ ಕೂಗುವುದಿಲ್ಲ. ಹುಡುಗರು ಫೋನು ಹಿಡಿದು ನೀರಿನ ತನಕ ಇಳಿದು ಫೋಟೋ ತೆಗೆದುಕೊಳ್ಳುತ್ತಿದ್ದರು. “ಮೊಸಳಿ ಅದಾವ್ರೋ, ಮ್ಯಾಲ ಬರ್ರೋ” ಎಂದು ಕೂಗಿದೆ. “ಬರ್ಲಿ ಬಿಡಬೇ ಆಯಿ, ಅದರದೂ ಒಂದು ಫೋಟೋ ತಗಿತೀವಿ” ಎಂದು ನಕ್ಕರು. ಕೈಗೆ ಸಿಕ್ಕ ಮುಳ್ಳನ್ನು ಎಳೆದು ಒಂದು ಇಳಿಜಾರಿಗೆ ಹಾಕಿದೆ. ತಿರುಗಿ ನೋಡುವಷ್ಟರಲ್ಲಿ ಒಬ್ಬ ಕಾಲಿನಿಂದ ಬದಿಗೆ ಒದ್ದಿದ್ದ. ಅವನಿಗೆ ಏನೆನ್ನಲಿ ನಾನು?

ನಿನ್ನೆ ಕೂಸಿಗೆ ಎರೆದು, ಒರೆಸಿ, ತೊಡೆಯ ಮೇಲೆ ಮಲಗಿಸಿಕೊಂಡೆ. ಮಗಳು ಬಾಣಂತಿ ಮಂಚದಲ್ಲಿ ಕಾಲು ಚಾಚಿ ಕೂತಿದ್ದಳು. ಮೀನಖಂಡದ ಗಾಯದ ಗುರುತು ಇನ್ನೂ ಹಾಗೇ ಇದೆ. ಇವಳು ಬದುಕಿದ್ದಕ್ಕೇ ಅಲ್ಲವೇ ಈ ಮೊಮ್ಮಗಳು ಎಂದುಕೊಂಡೆ. ಎಲ್ಲ ಹೇಳಿಬಿಟ್ಟೆ. ಮಳೆ, ಅತ್ತೆ, ಮುಳ್ಳು, ಗೋಡೆಯ ಮರೆ, ಎಲ್ಲ.

ಮಗಳು ಚಾಚಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

“ಅಜ್ಜಗ ಹೇಳಿದ್ದೇನಬೇ ಇದನ್ನ?”

“ಇಲ್ಲವ್ವಾ.”

“ಮತ್ತ ನನಗ್ಯಾಕ ಹೇಳ್ತಿ?”

ಕೈ ಚಾಚಿ ಕೂಸನ್ನು ಇಸಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನ್ನ ತೊಡೆ ಇನ್ನೂ ಬೆಚ್ಚಗಿತ್ತು. ಮಾನ್ವಿಗೆ ಬಸ್ಸು ಈಗಲೂ ತಾಸಿಗೊಂದು ಇದೆ. ಹೋದರೆ ಅಲ್ಲಿ ಯಾರಿಗೆ ಹೇಳಲಿ...